ಗೋಡೆಯಾಚೆಯ ಬಲ್ಬು

“ಸ್ಯಾಟಲೈಟಿಂದ ರಾತ್ರಿ ಹೊತ್ತು ತೆಗ್ದಿರೋ ಫೋಟೋ ಕಣಮ್ಮಾ. ಈ ಬಿಳಿ ಚುಕ್ಕೆ ನಮ್ಮ ತುರುವೇಕೆರೆ,” ಎಂದು ಸ್ಪಂದನ ಶಾಲೆಯಿಂದ ತಂದ ಪಟದ ಮೇಲೆ ಬೆರಳಿಟ್ಟಳು.

ಸಿದ್ದಗಂಗಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ನಮ್ಮ ಅಂಗಳದ ಬಲ್ಬೂ ಇದ್ರಾಗೈತೇನೇ?”

“ಎಲ್ಲಾರ ಮನೇದೂ ಸೇರಿನೇ ಈ ಚುಕ್ಕೆ.”

“ಪಕ್ಕದವಳ್ದೂ?”

ಪಕ್ಕದವಳೆಂದರೆ ಓರಗಿತ್ತಿ ಶಾಂಭವಿ. ಮನೆ ಭಾಗವಾದಾಗ ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತ್ತು. ತನ್ನ ತೆಂಗಿನಕಾಯಿಯನ್ನು ಇನ್ನೊಬ್ಬಳು ಎಗರಿಸಿಯಾಳೆಂದು ಇಬ್ಬರೂ ಕತ್ತಲಾದೊಡನೆ ತಂತಮ್ಮ ರಾಶಿಯ ಮೇಲೆ ಬಲ್ಬು ಹಾಕುತ್ತಿದ್ದರು. ಈಗಲೂ ಎರಡೂ ಉರಿಯುತ್ತಿದ್ದವು.

“ಹೂಂ, ಚಿಕ್ಕಮ್ಮಂದೂ ಸೇರ್ಕಂಡೈತೆ.”

“ಆ ಮನೆಹಾಳಿ ಜೊತೆ ನಂದ್ಯಾಕೆ ಬೆರೀಬೇಕು? ಬೇಕಾದ್ರೆ ಅವಳೊಬ್ಳೇ ಮಿಣುಕ್ಲಿ!” ಸಿದ್ದಗಂಗಮ್ಮ ಗೋಡೆಯಾಚೆಗೂ ಕೇಳುವಂತೆ ಕೂಗಿ, ಜಗುಲಿಯ ಸ್ವಿಚ್ಚು ಒತ್ತಿ ತನ್ನ ಬಲ್ಬನ್ನು ಪಟ್ಟನೆ ಆರಿಸಿದಳು.

ಅಂಗಳ ಕತ್ತಲಾಗಲಿಲ್ಲ. ಗೋಡೆ ಹಾರಿ ಬಂದ ಶಾಂಭವಿಯ ಬೆಳಕು ಇವಳ ರಾಶಿಯ ಮೇಲೆ ಹಾಯಾಗಿ ಬಿದ್ದುಕೊಂಡಿತ್ತು. ಒಂದೊಂದು ಕಾಯಿಯೂ ನಿಚ್ಚಳವಾಗಿ ಕಾಣುತ್ತಿತ್ತು.

ಸಿದ್ದಗಂಗಮ್ಮ ಹಲ್ಲು ಕಡಿಯುತ್ತಾ ಒಳಗಿನಿಂದ ಗೋಣಿಚೀಲಗಳನ್ನು ಎಳೆತಂದು, ಆ ಬೆಳಕು ತಾಕದಂತೆ ರಾಶಿಯನ್ನು ಮುಚ್ಚತೊಡಗಿದಳು.