ಮೇಷ್ಟ್ರಿಗೊಂದು ಟಾಟಾ

"ಚಪ್ಪಾಳೆ ತಟ್ಟು ಪುಟ್ಟೀ, ಚಪ್ಪಾಳೆ!" ದರ್ಜಿ ಕಂಕುಳಲ್ಲಿದ್ದ ಮಗಳನ್ನು ಕುಲುಕಿದ. ಈ ಸಲ ಊರು ಉದ್ಧಾರವಾಗಿಯೇ ತೀರುತ್ತದೆಂದು ಅವನು ನಂಬಿದ್ದ. ಚುನಾವಣೆಗೆ ನಿಂತ ಮೇಷ್ಟ್ರ ಬ್ಯಾನರುಗಳನ್ನೆಲ್ಲ ಹೊಲಿದವನೇ ಅವನು. ಅವರು ಮನೆಗೆ ಬರುವ ಈ ಗಳಿಗೆಗೆಂದೇ ಹತ್ತು ತಿಂಗಳ ಕೂಸಿಗೆ ಮೂರು ವಾರ ತಾಲೀಮು ಕೊಟ್ಟಿದ್ದ.

ಮೇಷ್ಟ್ರು ಹೊಸ್ತಿಲು ದಾಟಿ, "ಬಾ ಕಂದಾ" ಎಂದು ಕೈಚಾಚಿದರು. ಪುಟ್ಟಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪುಟ್ಟ ಬೆರಳುಗಳನ್ನು ಮಡಚಿ ಬಿಚ್ಚಿ, ಟಾಟಾ ಮಾಡಿದಳು.

ದರ್ಜಿಯ ಮುಖ ಇಂಗು ತಿಂದ ಮಂಗನಂತಾಯಿತು. "ಅದು... ಅವರಜ್ಜಿ ಕಲಿಸಿದ್ದು ಮೇಷ್ಟ್ರೇ" ಎಂದು ತೊದಲಿದ.

"ಹೌದಪ್ಪಾ, ನಾನೇ ಕಲಿಸಿದ್ದು," ಅಜ್ಜಿ ಮಂಚದಿಂದಲೇ ಅಂದಳು. "ಗೆದ್ದೋರೆಲ್ಲ ಆಮೇಲೆ ನಮಗೆ ಮಾಡೋದನ್ನ ನಮ್ಮ ಕೂಸು ಮುಂಚೇನೇ ಮಾಡ್ತು. ತಪ್ಪೇನು?"

ಹಿಂದೆ ಬಂದಿದ್ದ ಜನ ಗೊಳ್ಳೆಂದರು. ಮೇಷ್ಟ್ರೂ ನಕ್ಕರು. ಹೊರಡುವಾಗ ಬಾಗಿಲಲ್ಲಿ ತಿರುಗಿ, ಅಭ್ಯಾಸಬಲದಿಂದ ಬೀಸಲು ಎತ್ತಿದ ಕೈಯನ್ನು ಸರಕ್ಕನೆ ಜೇಬಿಗಿಳಿಸಿ, "ಹೋಗಿ ಬರ್ತೀನಮ್ಮಾ... ನಿಜವಾಗ್ಲೂ ಬರ್ತೀನಿ" ಅಂದರು.

ಆಗ ಪುಟ್ಟಿ ಚಪ್ಪಾಳೆ ತಟ್ಟಿದಳು.