ಹೊತ್ತಿನ ತೆರಿಗೆ

ಆ ಊರಲ್ಲಿ ತೆರಿಗೆ ಕಟ್ಟುವುದು ಹೊತ್ತಿನಲ್ಲಿ. ವಾರಕ್ಕೊಂದು ಗಂಟೆ ಎಲ್ಲರೂ ಸರ್ಕಾರಕ್ಕೆ ಕೊಡಬೇಕು, ಸರ್ಕಾರ ಅದನ್ನು ಒಂಟಿಯಾಗಿರುವವರ ಮನೆಗೆ ಕಳಿಸಬೇಕು. ಹಾಗಾಗಿ ಗುರುವಾರ ಸಂಜೆಯಾದರೆ ಕ್ಯಾಂಟೀನಿನ ಮೋನಪ್ಪ ತನ್ನ ಎದುರು ಮನೆಯ ದರ್ಜಿ ತುಳಜಾಬಾಯಿಯಲ್ಲಿಗೆ ಬಂದು ಚೌಕಾಬಾರ ಆಡುತ್ತಿದ್ದ.

ಹೋದ ಚುನಾವಣೆಯಾದ ಮೇಲೆ ಅರ್ಧ ಊರಿಗೆ ತೆರಿಗೆ ಮನ್ನಾ ಆದಾಗ ತುಳಜಾಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಕೊನೇ ಮನೆ ಮುದುಕಿಯ ಗೋಳು ಕೇಳುತ್ತ ಕೂರುವುದು ಅವಳ ಪಾಲಿನ ತೆರಿಗೆಯಾಗಿತ್ತು, ಅದು ತಪ್ಪಿತು. ಭೇಟಿಗಳನ್ನು ಮಾತ್ರ ಸರ್ಕಾರ ಕಡಿಮೆ ಮಾಡಲಿಲ್ಲ. ಕೊರತೆ ಬಿದ್ದ ಗಂಟೆಗಳನ್ನು ಮುಂದಿನ ವರ್ಷಗಳ ಲೆಕ್ಕದಲ್ಲಿ ಉಳಿದವರಿಂದ ಮುಂಗಡ ಎತ್ತಿತು. ಈಗ ಆ ವರ್ಷಗಳು ಬಂದಿದ್ದವು.

"ಇದು ಕಡೀ ಆಟ ಅಕ್ಕಾರ," ಅಂದ ಮೋನಪ್ಪ, ಕವಡೆ ಕೈಯಲ್ಲಾಡಿಸುತ್ತ. "ನನ್ನ ತೆರಿಗಿ ಎಲ್ಲಾ ಮೊದಲ ವಸೂಲಾಗೇದ. ಖಜಾನ್ಯಾಗ ಇನ್ನ ಕಳಸಾಕ ಹೊತ್ತಿಲ್ಲ."

"ಮುಂದಿನ ಗುರುವಾರ ಏನ್ ಮಾಡ್ತಿ?"

"ಏನಿಲ್ಲ. ಮನ್ಯಾಗ ಒಬ್ಬನೇ ಕೂಡ್ತೀನಿ."

"ಹಂಗಾದ್ರ ಇಲ್ಲೇ ಬಾ."

ಕವಡೆಯ ಸದ್ದು ನಿಂತಿತು. ಸರ್ಕಾರ ಕಳಿಸದೆ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುವ ರೂಢಿ ಅವರ ಅಪ್ಪಂದಿರ ಕಾಲಕ್ಕೇ ಹೋಗಿತ್ತು.

"ಸುಮ್ ಸುಮ್ನ ಹೆಂಗ ಬರ್ಲಿ?" ಅಂದ ಮೋನಪ್ಪ. "ಮಂದಿ ಏನಂದಾರು?"

ತುಳಜಾಬಾಯಿಗೂ ಅದು ಸರಿಯೆನಿಸಿತು.

ಮರು ಗುರುವಾರ ಅವಳು ಮಣೆ ಇಟ್ಟುಕೊಂಡು ಇಬ್ಬರ ಕಾಯಿಗಳನ್ನೂ ತಾನೇ ನಡೆಸಿದಳು. ಎದುರು ಮನೆಯಿಂದಲೂ ಕವಡೆ ಬೀಳುವ ಸದ್ದು ಕೇಳುತ್ತಿತ್ತು.