ಮನೆ ಬಾಗಿಲಿಗೇ ಕಿಕ್ಕರ್ ರಿಪೇರಿ

ಒಂಬತ್ತನೇ ಬೋಲ್ಟು ಕಾಣಿಸಲಿಲ್ಲ.

"ಎಲ್ಲಯ್ಯಾ ಇನ್ನೊಂದು?" ದೇವರಾಜು ಜಗಲಿಯಿಂದ ಎದ್ದೇಬಿಟ್ಟ. "ಎಂಟೇ ಅವೆ ಇಲ್ಲಿ."

ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಬೈಕಿನ ಎಂಜಿನ್ನಿನ ಬಲಗಡೆಯ ಕವರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದ. "ಒಂಬತ್ತನೇದು ಮೊದ್ಲಿಂದ್ಲೂ ಇಲ್ಲ ಅಣ್ಣ."

"ನಿಂಗೆಂಗೆ ಗೊತ್ತು?"

"ತೂತು ತುಂಬ ಹಳೇ ಮಣ್ಣು ಕೂತೈತೆ. ನೋಡಿ."

ಬಗ್ಗಿ ನೋಡಿದ. ಕೂತಿತ್ತು. ತಪ್ಪು ಸಿಗಲಿಲ್ಲವೆಂದು ದೇವರಾಜುವಿಗೆ ಇನ್ನೂ ಸಿಟ್ಟು ಬಂತು.

ಇವನನ್ನು ಕರೆಸಿದ್ದು ಅವನೇ. ಬಡವನಹಳ್ಳಿ ಬಸ್ ಸ್ಟಾಪಿನ ಟೀ ಅಂಗಡಿಯ ಗೋಡೆಯಲ್ಲಿ ಒಂದು ಚೀಟಿ ಅಂಟಿತ್ತು: 'ಮನೆ ಬಾಗಿಲಿಗೇ ಬಂದು ಕಿಕ್ಕರ್ ರಿಪೇರಿ. ಯೂನುಸ್.' ಕೆಳಗೆ ನಂಬರು. ಬ್ರೇಕಿಲ್ಲ, ಪಂಕ್ಚರಿಲ್ಲ, ಬರೀ ಕಿಕ್ಕರ್. ಹೊಳವನಹಳ್ಳಿಯಲ್ಲೂ ಇದೇ ಚೀಟಿ ನೋಡಿದೆ ಎಂದಿದ್ದ ಟೀ ಅಂಗಡಿಯವನು. ಕೂಲಿ ಬೇರೆಯವರದರಲ್ಲಿ ಅರ್ಧ. ಅರ್ಧ ಕೂಲಿಗೆ ಬರುವವನು ಅರ್ಧ ಕಳ್ಳ ಎಂದು ದೇವರಾಜುವಿನ ಲೆಕ್ಕ. ಆದರೂ ಬೇರೆ ದಾರಿಯಿರಲಿಲ್ಲ. "ಗ್ಯಾರೇಜಿಗೆ ಬುಟ್ರೆ ಒಳಗಿನ ಮಾಲೇ ಬದ್ಲಾಯಿಸ್ಬುಡ್ತಾರೆ ಕಣೇ" ಎಂದು ಹೆಂಡತಿ ಮಹಾಲಕ್ಷ್ಮಮ್ಮನಿಗೆ ಹೇಳಿದ್ದ.

ಕಿಕ್ಕರ್ ಮುರಿದು ಹನ್ನೆರಡು ದಿನ. ಗಾಡಿಗೆ ಸೆಲ್ಫ್ ಇಲ್ಲ; ಕಿಕ್ಕರ್ ಇಲ್ಲದೆ ಅದು ಬರೀ ಕಬ್ಬಿಣ. ಗಾಡಿ ಬಂದ ಮೇಲೆ ಊರು ಅವನನ್ನು 'ದೇವರಾಜಣ್ಣ' ಎನ್ನಲು ಶುರುಮಾಡಿತ್ತು. ಈ ಹನ್ನೆರಡು ದಿನದಲ್ಲಿ ಆ 'ಅಣ್ಣ' ಒಬ್ಬೊಬ್ಬರ ಬಾಯಿಂದಲೂ ಉದುರಿಹೋಗಿತ್ತು. ಅದು ವಾಪಸ್ ಬೇಕಿತ್ತು.

"ಯಾವೂರು ನಿಂದು?"

"ಶಿರಾ."

ದೇವರಾಜು ಗಾಡಿಯ ಕೀಲಿ ಕಿತ್ತುಕೊಂಡು ಮುಷ್ಟಿಯಲ್ಲಿ ಇಟ್ಟುಕೊಂಡ. ತಲೆಗೆ ಕಪ್ಪು ಟೇಪು ಸುತ್ತಿದ ಕೀಲಿ. ಅದನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ.

ಒಳಗಿಂದ ಟೀ ತಂದ ಮಹಾಲಕ್ಷ್ಮಮ್ಮ ಅದನ್ನು ನೋಡಿದಳು. "ಇಷ್ಟು ಜೋಪಾನ ನನ್ ಬೀರು ಕೀ ಮೇಲೆ ಇದ್ದಿದ್ರೆ ಅದು ಕಳೀತಿರ್ಲಿಲ್ಲ. ಎಂಟ್ ತಿಂಗ್ಳಿಂದ ಸೀರೆಗಳ್ನ ಗೊಬ್ಬರದ ಚೀಲ್ದಾಗೆ ಮಡಗಿವ್ನಿ."

"ಲೇ, ಒಳೀಕೆ ಹೋಗು."

"ಹೋಯ್ತೀನಿ ಬುಡಿ. ನಿಮ್ ಗಾಡಿನೇನು ನಾನು ತಿಂದ್ಬುಡ್ತೀನಾ?" ಎಂದವಳು ಹೋಗದೆ ಬಾಗಿಲಲ್ಲೇ ನಿಂತಳು.

ಕವರ್ ಬಿಚ್ಚಿಕೊಂಡಿತು. ಉಳಿದಿದ್ದ ಆಯಿಲ್ ತಟ್ಟೆಗೆ ಸುರಿಯಿತು. ಯೂನುಸ್ ಸ್ಪ್ರಿಂಗಿನ ಕೊಕ್ಕೆ ಬಿಡಿಸಿ, ಮುರಿದ ಶಾಫ್ಟನ್ನು ಎಳೆದು ತೆಗೆದ. ಮುರಿದ ಜಾಗದ ಸುತ್ತ ಹಳದಿ ಬಳೆಯಂತೆ ಹಿತ್ತಾಳೆ ಬೆಸುಗೆ. ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತುಬಿಟ್ಟ.

"ಇದನ್ನ ಯಾರು ಮಾಡಿದ್ದಣ್ಣ?"

"ನಾನೇ ಮಾಡ್ಸಿದ್ದು. ಮಧುಗಿರೀಲಿ."

"ಬೆಸುಗೆ ಹಾಕ್ದೋನಿಗೆ ಕೈಯಲ್ಲಿ ಕಾಸಿರ್ಲಿಲ್ಲ ಅನ್ಸುತ್ತೆ. ಇದು ಒಂದಿನ ಮುರಿದೇ ಮುರೀತದೆ ಅಂತ ಅವನಿಗೆ ಗೊತ್ತಿತ್ತು."

ಕೂಲಿ ಏರಿಸುವ ಪೀಠಿಕೆ, ಅಂದುಕೊಂಡ ದೇವರಾಜು. "ಕಥೆ ಬೇಡ. ಕೆಲ್ಸ ನೋಡು."

ಯೂನುಸ್ ಚೀಲದಿಂದ ಹೊಸ ಶಾಫ್ಟ್ ತೆಗೆದ. ಫೋನಿನಲ್ಲಿ ಯಾವ ಗಾಡಿ ಎಂದೂ ಕೇಳಿರಲಿಲ್ಲ. ಆದರೂ ಇದಕ್ಕೇ ಅಳತೆ ಕೊಟ್ಟಂತೆ ಒಳಗೆ ಕೂತಿತು. ಪೊಟ್ಟಣದ ಕಾಗದ ಮಾತ್ರ ಹಳತಾಗಿ ಮಾಸಿತ್ತು.

"ಹಳೇ ಮಾಲು ತಂದಿದೀಯ."

"ಮಾಲು ಹೊಸದೇ. ತಂದು ಬಹಳ ದಿನ ಆಯ್ತು." ಯೂನುಸ್ ಎದ್ದು ನಿಲ್ಲಲು ಟ್ಯಾಂಕಿನ ಮೇಲೆ ಕೈಯೂರಿದ.

"ಏಯ್! ಕೈ ತೆಗಿ. ಹೊಸ ಪೇಂಟು." ದೇವರಾಜು ಕೂಗಿದ. "ನಿನ್ ಸ್ವಂತ ಗಾಡಿ ಅನ್ಕೊಂಡು ಮಾಡು. ಆವಾಗ ನಯ ಬತ್ತದೆ."

"ಇನ್ನೆಂಗೆ ಮಾಡ್ಲಿ ಅಣ್ಣ."

ಸ್ಪ್ರಿಂಗ್ ಕೂರಿಸಿದ. ಪ್ಯಾಕಿಂಗಿಗೆ ಅಂಟು ಸವರಿದ. ಎಂಟು ಬೋಲ್ಟು ಬಿಗಿದ. ಜೇಬಿನಿಂದ ಒಂದು ಬೋಲ್ಟು ತೆಗೆದು, ಮಣ್ಣು ಕೆದಕಿ, ಒಂಬತ್ತನೇ ತೂತಿಗೂ ಬಿಗಿದ. ಹೊಸ ಆಯಿಲ್ ಹಾಕಿದ. ಇಷ್ಟು ಮಾಡಲು ಇವನಿಗೇನು ಹುಚ್ಚೇ? ದೇವರಾಜುವಿನ ಅನುಮಾನ ಗಟ್ಟಿಯಾಯಿತು. ಮೆಕ್ಯಾನಿಕ್ಕುಗಳ ಆಟ ಅವನಿಗೆ ಗೊತ್ತಿತ್ತು. ಕೊನೆಗೆ ಟ್ರಯಲ್ ಅನ್ನುತ್ತಾರೆ, ಪೆಟ್ರೋಲು ಉರಿಸಿ ಊರು ಸುತ್ತಿ ಬರುತ್ತಾರೆ.

"ಟ್ರಯಲ್ಲು ಗಿಯಲ್ಲು ಅಂತ ರೋಡಿಗೆ ಹೋಗಂಗಿಲ್ಲ. ಇಲ್ಲೇ ತುಳ್ದು ತೋರ್ಸು. ಕೀ ನನ್ನತ್ರಾನೇ ಇರ್ತದೆ."

"ಇರ್ಲಿ ಬಿಡಿ."

ಯೂನುಸ್ ಪಾನಾಗಳನ್ನು ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡ. ಗಾಡಿ ಹತ್ತಿ ಕೂತು ಖಾಲಿ ಕಿಕ್ ತುಳಿದ. ಒಂದು. ಎರಡು. ಕಿಕ್ಕರ್ ಟಪ್ಪನೆ ಮೇಲಕ್ಕೆ ಚಿಮ್ಮಿತು.

"ಸರಿ ಹೋಯ್ತಲ್ಲ, ಇಳಿ. ಕೂಲಿ ಎಷ್ಟು?"

"ಕೂಲಿ ಬೇಡ ಅಣ್ಣ." ಅವನು ಅಂಗಿಯ ಜೇಬಿಗೆ ಕೈ ಹಾಕಿ ಇನ್ನೊಂದು ಕೀಲಿ ತೆಗೆದು, ಹ್ಯಾಂಡಲಿನ ನಡುವೆ ಚುಚ್ಚಿ ತಿರುಗಿಸಿದ. "ಆ ಬೆಸುಗೆ ಆರು ತಿಂಗ್ಳು ಬಂದ್ರೆ ಹೆಚ್ಚು ಅಂದ್ಕೊಂಡಿದ್ದೆ. ಎಂಟು ತಿಂಗ್ಳು ಕಾಯಿಸ್ಬಿಡ್ತು."

ಒಂದೇ ಕಿಕ್ಕು. ಎಂಜಿನ್ ಗುಡುಗಿತು. ಗಾಡಿ ಅಂಗಳದ ಕಲ್ಲು ಹಾರಿ ರಸ್ತೆಗೆ ಬಿದ್ದು, ಶಿರಾ ಕಡೆಗೆ ತಿರುಗಿತು.

"ಅಯ್ಯೋ ಕಳ್ಳ! ಹಿಡೀರೋ!" ಮಹಾಲಕ್ಷ್ಮಮ್ಮ ಅಂಗಳಕ್ಕೆ ಓಡಿಬಂದಳು. ಸೆರಗಿನ ಗಂಟಿನಿಂದ ಫೋನು ತೆಗೆದಳು. "ನಿಂತೇ ಇದೀರಲ್ಲ, ಮರ ನಿಂತಂಗೆ! ಸ್ಟೇಷನ್ನಿಗೆ ಫೋನ್ ಮಾಡ್ರೀ!"

ದೇವರಾಜು ಫೋನನ್ನು ಅವಳ ಕೈಯಿಂದ ಕಿತ್ತುಕೊಂಡ. ಕಿತ್ತುಕೊಳ್ಳುವ ಭರದಲ್ಲಿ ಅವನ ಇನ್ನೊಂದು ಮುಷ್ಟಿ ಬಿಚ್ಚಿಕೊಂಡು, ಬೆವರಿಗೆ ಟೇಪು ಸುಲಿದಿದ್ದ ಕೀಲಿ ಕಲ್ಲಿನ ಮೇಲೆ ಬಿತ್ತು.

ಅರ ಹಾಕಿ ತೆಳ್ಳಗೆ ಮಾಡಿದ ಕೀಲಿ. ತಲೆಯ ಮೇಲೆ, ಗುರುತಿಗೆಂದು ಮಹಾಲಕ್ಷ್ಮಮ್ಮ ತನ್ನ ಬೀರುವಿನ ಕೀಲಿಗೆ ಹಚ್ಚಿದ್ದ ಕೆಂಪು ಉಗುರುಬಣ್ಣ.